ಕೊನೆಯ ಎರಡು ಪುಟ

ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ನಾನು ಕಾರ್ಖಾನೆಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಮಗಳು ಬಿಸಿ ಮಾಡಿಕೊಟ್ಟಿದ್ದನ್ನು ತಿನ್ನುತ್ತಿದ್ದೆ. ಗಟ್ಟಿ ಮನುಷ್ಯ ಎಂದು ಜನ ಹೊಗಳಿದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ನನಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ.

ಹೆಂಡತಿ ರಾಮನಾಮದ ಪುಸ್ತಕವೊಂದನ್ನು ಬರೆಯುತ್ತಿದ್ದಳು. ಪುಟದ ಚೌಕಗಳಲ್ಲಿ ‘ಶ್ರೀರಾಮ’ ಎಂದು ಬರೆದು, ತುಂಬಿದ ಮೇಲೆ ದೇವಸ್ಥಾನಕ್ಕೆ ಒಪ್ಪಿಸುವಂಥದ್ದು. ಕೊನೆಯ ಎರಡು ಪುಟ ಖಾಲಿ ಉಳಿದಿದ್ದವು. ಪುಸ್ತಕ ತನ್ನೂರಿನ ಗುಡಿಗೆ ಸೇರಬೇಕು ಎಂದಿದ್ದಳು. ಆಸ್ಪತ್ರೆಯಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದನ್ನೇ. ಈ ಪರದೇಶದಿಂದ ಸೋಮವಾರ ಊರಿಗೆ ಹೊರಟಿದ್ದ ಸಹೋದ್ಯೋಗಿ ಒಯ್ಯಲು ಒಪ್ಪಿದ್ದರು.

ನಾನು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಮ್ಯಾನೇಜರ್. ಖಾಲಿ ಚೌಕ ಕಂಡರೆ ಕೈ ಸುಮ್ಮನಿರುವುದಿಲ್ಲ. ಶನಿವಾರ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಾ, ಅವಳ ಅಕ್ಷರದ ಹಾಗೆಯೇ ಬರೆದು ಎರಡೂ ಪುಟ ತುಂಬಿಸಿಬಿಟ್ಟೆ. ಬೇರೆಯವರ ದಾಖಲೆ ತುಂಬಿದ ತಪ್ಪಿಗೆ ಇಬ್ಬರನ್ನು ಕೆಲಸದಿಂದ ತೆಗೆದವನು ನಾನೇ. ಅದು ಆಗ ನೆನಪಿಗೂ ಬರಲಿಲ್ಲ.

ಭಾನುವಾರ ಬೆಳಿಗ್ಗೆ, ನಮ್ಮ ವೆಸ್ಟ್‌ಲ್ಯಾಂಡ್ಸ್ ಅಪಾರ್ಟ್‌ಮೆಂಟಿನ ಕೆಳಮನೆಯ ಮುದುಕರಿಗೆ ಇದನ್ನು ಹೇಳಿದೆ. ಅವರು ಯಹೂದಿ, ನಿವೃತ್ತ ದಂತವೈದ್ಯರು. ಅವರ ತಂದೆ ತಮ್ಮ ಧರ್ಮಗ್ರಂಥ ತೋರಾವನ್ನು ಚರ್ಮದ ಸುರುಳಿಯ ಮೇಲೆ ಕೈಯಾರೆ ಬರೆಯುತ್ತಿದ್ದವರಂತೆ. ಬರೆಯುವಾಗ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದರು. ಸ್ಕೋರು ಎಂದೆ. ಅವರು ನಗಲಿಲ್ಲ.

ಅವರ ತಂದೆ ದೇವರ ಹೆಸರು ಬರೆಯುವ ಮುನ್ನ ಪ್ರತಿ ಸಲ, ಇದನ್ನು ಆ ಹೆಸರಿನ ಪಾವಿತ್ರ್ಯಕ್ಕಾಗಿ ಬರೆಯುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಬೇಕಿತ್ತಂತೆ. ಹೇಳದೆ ಬರೆದರೆ ಆ ಹಾಳೆ ನಡೆಯದು. ಅಳಿಸುವ ಹಾಗೂ ಇಲ್ಲ. ಬಿಚ್ಚಿ ಮಣ್ಣಿನಲ್ಲಿ ಹೂಳಬೇಕು, ಹೊಸದನ್ನು ಬರೆದು ಹೊಲಿಯಬೇಕು. ಅವರ ಅನುಭಾವಿಗಳು ಹೇಳುವಂತೆ ಅನಂತವನ್ನು ಹಿಡಿಯುವಷ್ಟು ಜಾಗ ಈ ಜಗತ್ತಿನಲ್ಲಿಲ್ಲ. ಹಾಗಾಗಿ ಅದು ತನ್ನನ್ನು ತಾನೇ ಕುಗ್ಗಿಸಿಕೊಂಡು ತೋರಾದ ಅಕ್ಷರಗಳೊಳಗೆ ಇಳಿದು ಬಂತು. ತೋರಾ ಒಂದು ಹಗ್ಗ. ಒಂದು ತುದಿ ಅನಂತದ ಕೈಯಲ್ಲಿ, ಇನ್ನೊಂದು ನಮ್ಮ ಕೈಯಲ್ಲಿ. ಒಂದಕ್ಷರ ಕೆಟ್ಟರೂ ಇಡೀ ಸುರುಳಿ ಕೆಟ್ಟಂತೆ.

ನನಗೆ ರೇಗಿತು. ನಮ್ಮ ರಾಮ ಅಷ್ಟು ಕಟ್ಟುನಿಟ್ಟಿನವನಲ್ಲ ಎಂದೆ.

“ರಾಮ ಒಪ್ಪಬಹುದು,” ಎಂದರು. “ಆದರೆ ಈ ಕಡೆಯ ತುದಿ ಹಿಡಿದಿದ್ದವಳು ನಿಮ್ಮ ಹೆಂಡತಿ. ಅವಳ ಕೈಯಿಂದ ಅದನ್ನು ನೀವು ತೆಗೆದುಕೊಂಡಿರೋ, ಕಿತ್ತುಕೊಂಡಿರೋ?”

ಮನೆಗೆ ಬಂದು ಆ ಎರಡು ಪುಟಗಳ ಹಾಳೆ ಬಿಡಿಸಿ, ಕಾಂಪೌಂಡಿನ ಮೂಲೆಯಲ್ಲಿ ಹೂತೆ. ವಾಚ್‌ಮನ್ ಸಲಿಕೆ ಕೊಟ್ಟ. ಹೊಸ ಹಾಳೆಗೆ ಗೆರೆ ಹಾಕಿ ಅಂಟಿಸಿ, ಟಿವಿ ಆರಿಸಿ ಕೂತೆ. ಒಂದೊಂದು ‘ಶ್ರೀರಾಮ’ವನ್ನೂ ಗಟ್ಟಿಯಾಗಿ ಹೇಳಿ ಬರೆದೆ. ನನ್ನ ದನಿ ಕೇಳಿ ನನಗೇ ಮುಜುಗರವಾಗುತ್ತಿತ್ತು.

ಒಂದು ಸಾಲು ಮುಗಿಯುವಷ್ಟರಲ್ಲಿ ಮಗಳು ಕೋಣೆಯಿಂದ ಓಡಿಬಂದು ಬಾಗಿಲಲ್ಲೇ ನಿಂತಳು. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ.

“ಅಮ್ಮ ಅಂದ್ಕೊಂಡೆ,” ಎಂದಳು, ಈ ಸಲ ಕನ್ನಡದಲ್ಲೇ. “ಅಮ್ಮಾನೂ ಹೀಗೇ ಹೇಳ್ಕೊಂಡು ಬರೀತಿದ್ರು. ನಿಮಗೆ ಗೊತ್ತಿರ್ಲಿಲ್ವಾ ಅಪ್ಪಾ?”

ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದವನು ನಾನು. ಗೊತ್ತಿರಲಿಲ್ಲ ಎಂದೆ.

ಅವಳು ಪಕ್ಕದಲ್ಲಿ ಬಂದು ಕೂತಳು. ನಾನು ಮುಂದಿನದನ್ನು ಹೇಳಿದೆ, ಬರೆದೆ.

“ಅಮ್ಮ ಇಷ್ಟು ಬೇಗ ಹೇಳ್ತಿರ್ಲಿಲ್ಲ,” ಎಂದಳು.