ಏಳನೆಯ ಷರತ್ತು ಮತ್ತು ಅಜ್ಜಿಯ ಹಸು

ಮಧುಗಿರಿಯ ನಮ್ಮ ಬಡಾವಣೆಯಲ್ಲಿ ಹದಿನಾಲ್ಕು ಮನೆ. ಒಂದರ ಹಿಂದೆ ಅಜ್ಜಿಯೊಬ್ಬರು ಹಸು ಕಟ್ಟಿದ್ದರು. ಅವರ ಜೀವನ ಅದರ ಹಾಲಿನಲ್ಲೇ ನಡೆಯುತ್ತಿತ್ತು. ಸೈಟಿನ ಕ್ರಯಪತ್ರದ ಪ್ರಕಾರ ಇಲ್ಲಿ ದನ ಕಟ್ಟುವಂತಿಲ್ಲವೆಂದು ನಮ್ಮನ್ನೂ ಸೇರಿಸಿ ಉಳಿದ ಹದಿಮೂರು ಮನೆಗಳಿಗೂ ಒಂದೇ ದಿನ ನೆನಪಾಯಿತು.

ಭಾನುವಾರ ಸಭೆ ಸೇರಿತು. ಷರತ್ತು ಓದೋಣವೆಂದರೆ ನಮ್ಮ ಹದಿಮೂರು ಕ್ರಯಪತ್ರಗಳೂ ಮನೆಸಾಲಕ್ಕೆ ಬ್ಯಾಂಕು ಸೇರಿದ್ದವು. ಸಾಲ ಮಾಡದ ಅಜ್ಜಿಯೇ ಟ್ರಂಕಿನಿಂದ ತಮ್ಮದನ್ನು ತಂದು, ಸಭೆಯ ಡೈರಿ ಬರೆಯುವ ಹುಡುಗನೆಂದು ನನ್ನ ಕೈಗಿತ್ತರು.

"ದನದ್ದು ಏಳನೇದು, ಅದನ್ನ ಓದಪ್ಪ, ಸಾಕು," ಎಂದರು ಮೂಲೆಮನೆ ಮೇಷ್ಟ್ರು.

"ಮೊದ್ಲಿಂದ ಓದ್ಲಾ ಮಗ, ಒಂದ್ನೂ ಬುಡ್ಬ್ಯಾಡ," ಎಂದರು ಅಜ್ಜಿ.

ಓದಿದೆ. ಒಂದು, ಮನೆಯ ಸುತ್ತ ಮೂರಡಿ ಜಾಗ ಬಿಡಬೇಕು. ಬಿಟ್ಟವರು ಅಜ್ಜಿ ಒಬ್ಬರೇ. ಎರಡು, ಮೆಟ್ಟಿಲು ರಸ್ತೆಗೆ ಚಾಚಬಾರದು. ಚಾಚಿದ ಮನೆ ಹನ್ನೊಂದು. ಮೇಷ್ಟ್ರದು ಎಲ್ಲಕ್ಕಿಂತ ಉದ್ದ, ಎರಡನೆಯ ಸ್ಥಾನ ನಮ್ಮದು. ಮೂರನೆಯದಕ್ಕೆ ಬರುವಷ್ಟರಲ್ಲಿ ಎಲ್ಲರಿಗೂ ಮನೆಯಲ್ಲಿ ಕೆಲಸ ನೆನಪಾಯಿತು.

ಅದಾಗಿ ಐದು ಭಾನುವಾರ ಕಳೆದಿವೆ. ಐದಕ್ಕೂ ಡೈರಿಯಲ್ಲಿ 'ಯಾರೂ ಬರಲಿಲ್ಲ' ಎಂದಿದೆ. ನಿಯಮಕ್ಕೆ ಅಷ್ಟು ನಿಷ್ಠರಾದ ನಾವು ಏಳನೆಯದನ್ನು ಓದದೆ ಹಸುವನ್ನು ಓಡಿಸುವುದಾದರೂ ಹೇಗೆ?