ಮಣ್ಣಿನ ಚೀಲ ಒಯ್ದು ಯಂತ್ರ ಆರಿಸಿದ ಸತ್ತೆವ್ವ

ದಾಂಡೇಲಿಯಿಂದ ಹಳಿಯಾಳದ ಕಡೆ ಹೊರಟರೆ ರಸ್ತೆ ಬದಿಗೆ ಸಿಗುವ ತಗಡಿನ ಶೆಡ್ಡಿನಲ್ಲಿ ಬೆಳಗಿನ ಆರಕ್ಕೇ ಸ್ಪ್ಯಾನರಿನ ಸದ್ದು. ಐವತ್ತೊಂದರ ಸತ್ತೆವ್ವ ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಪ್ಲಾಸ್ಟಿಕ್ ಪುಡಿ ಮಾಡುವ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಮೇನ್ ಸ್ವಿಚ್ ಬಂದ್ ಇದೆಯೇ ಎಂದು ಎರಡು ಸಲ ನೋಡಿಯೇ ಕೈ ಹಾಕುವುದು. ಜಾಲರಿಯನ್ನು ಎಳೆದು ಹೊರಗಿಟ್ಟು, ತೂತುಗಳಲ್ಲಿ ಸಿಕ್ಕಿಕೊಂಡ ಚೂರುಗಳನ್ನು ತಂತಿಯ ಬ್ರಷ್ಷಿನಿಂದ ಕೆರೆಯುತ್ತಾರೆ. ಬ್ಲೇಡಿನ ಅಂಚಿಗೆ ಹೆಬ್ಬೆರಳು ಅಡ್ಡ ಹಿಡಿದು ಮೆಲ್ಲಗೆ ಸವರುತ್ತಾರೆ. ಮೊಂಡಾಗಿದೆ ಅನಿಸಿದರೆ ಬೇರೆ ಬ್ಲೇಡು ಕೂರಿಸಿಯೇ ಆ ದಿನದ ಕೆಲಸ ಶುರು.

ಸತ್ತೆವ್ವ ಕಲಘಟಗಿ ಕಡೆಯ ಒಕ್ಕಲುತನದ ಮನೆಯ ಮಗಳು. ಕಾಗದ ಕಾರ್ಖಾನೆಯ ಸುತ್ತಮುತ್ತ ದುಡಿಯಲು ಬಂದ ಶೇಖಪ್ಪನನ್ನು ಮದುವೆಯಾಗಿ ಇಲ್ಲಿಗೆ ಬಂದು ಮೂವತ್ತು ವರ್ಷವಾಯಿತು. ಈಗ ಮನೆ ಕೋಗಿಲಬನದಲ್ಲಿ. ಬೆನ್ನುನೋವಿನಿಂದ ಗಂಡನ ದುಡಿಮೆ ನಿಂತಾಗ, ಮೌನೇಶ ಎಂಬುವರ ಈ ಶೆಡ್ಡಿಗೆ ಪ್ಲಾಸ್ಟಿಕ್ ಆರಿಸಲು ಸೇರಿದರು. ಓದಿದ್ದು ನಾಲ್ಕನೇ ಇಯತ್ತೆ. ಆದರೆ ಒಂದು ಚೂರು ಕೈಗೆ ಕೊಡಿ: ಮಡಚಿ, ಉಗುರಿನಿಂದ ಗೀರಿ, ನೀರಿನ ಬಕೆಟ್ಟಿಗೆ ಎಸೆದು, ತೇಲಿತೋ ಮುಳುಗಿತೋ ನೋಡಿ, ಯಾವ ಬಗೆಯ ಪ್ಲಾಸ್ಟಿಕ್ ಎಂದು ಹೇಳಿಬಿಡುತ್ತಾರೆ.

ದಿನಕ್ಕೆ ಐದಾರು ಕ್ವಿಂಟಲ್ ಮಾಲು ಬರುತ್ತದೆ. ಜೊಯಿಡಾದ ಹೋಮ್‌ಸ್ಟೇಗಳ ಬಾಟಲಿ, ಮೌಳಂಗಿಯ ದಂಡೆಯಲ್ಲಿ ಪ್ರವಾಸಿಗರು ಬಿಟ್ಟುಹೋದ ತಟ್ಟೆ-ಲೋಟ, ಚಿಗಳ್ಳಿ ಕಡೆಯ ಹೊಲಗಳಲ್ಲಿ ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ. ಆದರೆ ಅರ್ಧಕ್ಕರ್ಧ ಮಾಲು ಹಳಿಯಾಳದ ಕಬ್ಬಿನ ಗದ್ದೆಗಳ ಹಳೆಯ ಹನಿ ನೀರಾವರಿ ಪೈಪು. ಒಂಬತ್ತು ಹೆಂಗಸರು ಇದನ್ನೆಲ್ಲ ಆರಿಸಿ, ತೊಳೆದು, ಪುಡಿ ಮಾಡಿ ಚೀಲ ಕಟ್ಟುತ್ತಾರೆ. ಆ ಪುಡಿ ಬೆಳಗಾವಿಗೆ ಹೋಗಿ ಮತ್ತೆ ಪೈಪಾಗುತ್ತದೆ.

ಎರಡು ವರ್ಷದ ಹಿಂದೆ ಮೌನೇಶ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ ಮರುಳಾದರು. ಬಣ್ಣಬಣ್ಣದ ಕ್ರೇಟುಗಳನ್ನು ಹಪ್ಪಳ ಮುರಿದಂತೆ ಮುರಿಯುವ ದೊಡ್ಡ ಯಂತ್ರ. ತರಿಸಿಯೇಬಿಟ್ಟರು. ಕ್ರೇಟು ಮುರಿಯಿತು, ಸುಳ್ಳಲ್ಲ. ಆದರೆ ಶೆಡ್ಡಿಗೆ ಬರುವುದು ಕ್ರೇಟಲ್ಲವಲ್ಲ! ಮೆತ್ತನೆಯ ಪೈಪು ಒಳಗೆ ತಿರುಗುವ ದಂಡಕ್ಕೆ ಸುತ್ತಿಕೊಂಡು ಕೂತಿತು. ಪೈಪಿನೊಳಗಿನ ಮಣ್ಣು ಎಂಟೇ ದಿನಕ್ಕೆ ಬ್ಲೇಡುಗಳನ್ನು ಮೊಂಡು ಮಾಡಿತು. ಬಿಚ್ಚಲು ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಬರಬೇಕು, ಆ ಪುಣ್ಯಾತ್ಮ ಇಂದು ನಾಳೆ ಎನ್ನುತ್ತ ವಾರ ದೂಡುತ್ತಿದ್ದ. ಕೊನೆಗೆ ಮೋಟರೇ ಸುಟ್ಟುಹೋಯಿತು. ಮೌನೇಶರಿಗೆ ಇನ್ನೊಂದೇ ಒಂದು ಯಂತ್ರ ಕೊಳ್ಳುವ ತ್ರಾಣ ಉಳಿದಿತ್ತು. ಅದೂ ಕೈಕೊಟ್ಟರೆ ಶೆಡ್ಡಿಗೆ ಬೀಗ, ಒಂಬತ್ತು ಮನೆಗಳ ದುಡಿಮೆ ಬಂದ್.

ಬಿಸಿ ಹಾಲಿಗೆ ನಾಲಿಗೆ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಮೌನೇಶ ವಾರಗಟ್ಟಲೆ ಕ್ಯಾಟಲಾಗು ಹರಡಿಕೊಂಡು ಕೂತರೂ ಯಾವುದನ್ನೂ ಒಪ್ಪಲಾರದೆ ಹೋದರು. ಆಗ ಸತ್ತೆವ್ವ, ಯಂತ್ರ ನೋಡಲು ತಾನೂ ಜೊತೆಗೆ ಬರುತ್ತೇನೆಂದರು. ಯಂತ್ರದ ವಿಚಾರ ನಿಮಗೇನು ಗೊತ್ತು ಎಂದು ಮೌನೇಶ ನಕ್ಕಿದ್ದರಂತೆ. ಯಂತ್ರ ಗೊತ್ತಿಲ್ಲದಿದ್ದರೂ ಎತ್ತು ಗೊತ್ತು ಎಂಬುದು ಸತ್ತೆವ್ವನ ಉತ್ತರ. “ನಮ್ಮಪ್ಪ ಹಲ್ಲು ನೋಡಿ, ಸುಳಿ ನೋಡಿ, ಅಷ್ಟಕ್ಕ ಹೂಂ ಅಂತಿರಲಿಲ್ರಿ. ನಮ್ಮ ಹೊಲಕ್ಕ ತಂದು, ನಮ್ಮ ನೇಗಿಲಕ್ಕ ಹೂಡಿ ನೋಡತಿದ್ದ. ಸಂತ್ಯಾಗ ನಿಂತಾಗ ಎಲ್ಲಾ ಎತ್ತೂ ಚಂದನ ಕಾಣತಾವ. ಎರಿ ಹೊಲದಾಗ ಹೆಂಗ ಎಳಿತೈತಿ, ಅದು ಖರೇ.”

ಹುಬ್ಬಳ್ಳಿಯ ವ್ಯಾಪಾರಿಯೊಬ್ಬರ ಗೋದಾಮಿಗೆ ಇವರು ಹೋದದ್ದು ಎರಡು ಚೀಲ ಪೈಪಿನೊಂದಿಗೆ. ಹೊಲದಿಂದ ಕಿತ್ತು ತಂದಂತೆಯೇ ಇದ್ದ, ಮಣ್ಣು ಮೆತ್ತಿದ ಮಾಲು. ವ್ಯಾಪಾರಿ ಮುಖ ಕಿವಿಚಿದರು. ನಾಚಿಕೆಯಾದ ಮೌನೇಶ, ತೊಳೆದಾದರೂ ಹಾಕೋಣ ಎಂದು ಪಿಸುಗುಟ್ಟಿದರು. ಸತ್ತೆವ್ವ ಜಪ್ಪಯ್ಯ ಎನ್ನಲಿಲ್ಲ. ಎಷ್ಟು ತೊಳೆದರೂ ಮಳೆಗಾಲದಲ್ಲಿ ಪೈಪಿನೊಳಗೆ ಮಣ್ಣು ಉಳಿದೇ ಉಳಿಯುತ್ತದೆ, ಯಂತ್ರಕ್ಕೆ ಅದು ಇಂದೇ ಗೊತ್ತಾಗಲಿ ಎಂದರು.

ಫಳಫಳ ಹೊಳೆಯುವ ದೊಡ್ಡ ಯಂತ್ರ ಹನ್ನೆರಡೇ ನಿಮಿಷಕ್ಕೆ ಉಸಿರುಗಟ್ಟಿ ನಿಂತಿತು. ಅದರ ಹದಿನಾಲ್ಕು ಬೋಲ್ಟು ಬಿಚ್ಚಲು ಇಬ್ಬರು ಗಂಡಸರಿಗೆ ಐವತ್ತು ನಿಮಿಷ ಹಿಡಿಯಿತು. ಮೂಲೆಯಲ್ಲೊಂದು ಸಣ್ಣದಿತ್ತು, ಅರ್ಧದಷ್ಟೇ ತಾಕತ್ತಿನದು. ನಿಧಾನವಾಗಿ ತಿರುಗುತ್ತ ಗಂಟೆ ಹೊತ್ತು ಪೈಪು ಅಗಿದು, ಕೊನೆಗೆ ಅದೂ ಕಟ್ಟಿಕೊಂಡಿತು. ಕೆಲಸಗಾರರು ಸ್ಪ್ಯಾನರು ಹಿಡಿದು ಬಂದಾಗ ಸತ್ತೆವ್ವ ತಡೆದರು. “ಓಡೂದು ಎಲ್ಲಾ ಮಷೀನೂ ಓಡತಾವ್ರಿ. ನಿಂತರ ಯಾರು ತೆಗಿಯೂದು? ಅಲ್ಲಿ ನೀವು ಇರೂದಿಲ್ಲ. ಸರೀರಿ, ನಾನ ತೆಗಿತೇನಿ.” ಎರಡು ಬೋಲ್ಟು ಸಡಿಲಿಸಿದರೆ ಮುಚ್ಚಳ ಬಾಗಿಲಿನಂತೆ ತೆರೆಯಿತು. ಜಾಲರಿ ಕೈಯಲ್ಲೇ ಹೊರಬಂತು. ಏಳು ನಿಮಿಷಕ್ಕೆ ಯಂತ್ರ ಮತ್ತೆ ಓಡಿತು. ಮೌನೇಶ ಅದನ್ನೇ ತಂದರು.

ಈ ಸಣ್ಣದು ಈಗಲೂ ನಿಲ್ಲುತ್ತದೆ, ಮಳೆಗಾಲದಲ್ಲಂತೂ ದಿನಕ್ಕೆರಡು ಸಲ. ಅದನ್ನು ಬಿಚ್ಚುವುದನ್ನು ಜೊತೆಯ ದಾನೇಶ್ವರಿ, ಗುರುಸಿದ್ದವ್ವ ಇಬ್ಬರೂ ಕಲಿತಿದ್ದಾರೆ. ಮೊನ್ನೆ ಮುಂಡಗೋಡದ ಶೆಡ್ಡೊಂದರವರು ಯಂತ್ರ ಆರಿಸಿಕೊಡಿ ಎಂದು ಸತ್ತೆವ್ವನನ್ನು ಕಾರಿನಲ್ಲಿ ಕರೆದೊಯ್ದರು. ಅಲ್ಲಿ ಬರುವುದು ಬರೀ ಬಾಟಲಿ ಮತ್ತು ಒಡೆದ ಕೊಡ. ನಮ್ಮ ಶೆಡ್ಡಿನಂಥ ಯಂತ್ರ ನಿಮಗೆ ಹೊಂದುವುದಿಲ್ಲ, ನಿಮ್ಮದೇ ಮಾಲು ಒಯ್ದು ಪರೀಕ್ಷೆ ಮಾಡಿಕೊಳ್ಳಿ ಎಂದು ಸತ್ತೆವ್ವ ಹೇಳಿ, ಚಹಾ ಕುಡಿದು ಬಂದರು. ಇಂಥ ಮಾತು ಹೇಳಲು ಎಂಜಿನಿಯರುಗಳೂ ಹಿಂದೆಮುಂದೆ ನೋಡುತ್ತಾರೆ, ನಿಜಕ್ಕೂ ಮೆಚ್ಚಬೇಕು.

ಎಂಟು ಗಂಟೆಗೆ ಉಳಿದವರು ಒಬ್ಬೊಬ್ಬರಾಗಿ ಬರುತ್ತಾರೆ. ಇಷ್ಟೆಲ್ಲ ಮಾಡಿದ್ದಕ್ಕೆ ಹೆಮ್ಮೆ ಅನಿಸುವುದಿಲ್ಲವೇ ಎಂದು ಕೇಳಿದರೆ ಸತ್ತೆವ್ವ ಕೈಯ ಗ್ರೀಸು ಒರೆಸಿಕೊಳ್ಳುತ್ತಾರೆ.

“ಮಷೀನ ಆರಿಸಿದ್ದು ದೊಡ್ಡ ಮಾತಲ್ರಿ. ಆವಾಗ ಮುಂಜಾನೆದ್ದು ರೊಟ್ಟಿ ಬಡದು, ಇಲ್ಲಿತನಾ ನಡಕೊಂಡು ಬಂದು, ಮಷೀನ ನಿಂತದ್ದ ನೋಡಿ, ಕೆಲಸಿಲ್ಲದ, ಗಂಟು ಬಿಚ್ಚಲಾರದ ಬುತ್ತಿ ಹೊತ್ತಗೊಂಡು ತಿರುಗಿ ಹೋಗತಿದ್ವಿ. ಈಗ ಈ ಸಣ್ಣದು ಬಂದು ಎಂಟು ತಿಂಗಳಾತು. ಒಬ್ಬಾಕಿ ಬುತ್ತಿನೂ ಹಂಗ ಮನೀಗೆ ಹೋಗಿಲ್ಲ.”