ಅಕ್ಕನ ಮೂರನೇ ಒಲೆ

ಮೊನ್ನೆ ಪಣಕಹಳ್ಳಿಯ ನಮ್ಮ ಮನೆಯಲ್ಲಿ ಚಿಕ್ಕಮ್ಮ ಓಮದ ನೀರು ಕುದಿಸಿದಳು. ಕಾಲಿಗೆ ಪಟ್ಟು ಹಾಕಿಸಿಕೊಂಡು ಮಲಗಿದಲ್ಲೇ ಇದ್ದ ಚಿಕ್ಕಪ್ಪನಿಗೆ ಉಂಡದ್ದು ಕರಗುತ್ತಿರಲಿಲ್ಲ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಲ್ಯಾಪ್‌ಟಾಪ್ ಮುಂದೆ ಕೂತಿದ್ದ ನಾನು ನೆನಪಿನಲ್ಲಿ ದಿಂಬಂ ಘಾಟಿ ತಲುಪಿಬಿಟ್ಟಿದ್ದೆ...

ಘಾಟಿ ಹತ್ತಿ ಬಸ್ಸು ನಿಲ್ಲುವಲ್ಲಿ ಒಬ್ಬಳು ಟೀ ಅಂಗಡಿ ಇಟ್ಟಿದ್ದಳು. ಎಲ್ಲರಿಗೂ ಅವಳು ಅಕ್ಕ. ಮೂರು ಒಲೆ, ಎರಡರಲ್ಲಿ ಹಾಲು, ಡಿಕಾಕ್ಷನ್. ಮೂರನೆಯದರಲ್ಲಿ ಸಣ್ಣ ಉರಿಯ ಮೇಲೆ ಓಮದ ನೀರು ಮಾತ್ರ. ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಇಳಿಯುವವರಿಗೆ ಅದು. ಬಸ್ಸಿಲ್ಲದಾಗ ಅದನ್ನು ಕೇಳುವವರೇ ಇಲ್ಲ.

ಒಂದು ದಿನ ಅಂಗಡಿ ತುಂಬ ಜನ. ಸತ್ಯಮಂಗಲದ ಆಸ್ಪತ್ರೆಯಿಂದ ಬರಬೇಕಿದ್ದ ಅಮ್ಮನಿಗಾಗಿ ನಾನೂ ಅಲ್ಲೇ ಕಾಯುತ್ತಿದ್ದೆ. ಅಕ್ಕನ ಗಂಡ ಓಮದ ನೀರು ಇಳಿಸಿ ಮೂರನೇ ಒಲೆಗೂ ಹಾಲಿನ ಪಾತ್ರೆ ಏರಿಸಿದ. ಅಕ್ಕ ಅದನ್ನು ಇಳಿಸಿ ಪಕ್ಕಕ್ಕೆ ಕುಕ್ಕಿದಳು.

"ಟೀ ವಸಿ ತಡ ಆದ್ರೆ ಯಾರೂ ಸಾಯಕಿಲ್ಲ. ಆ ಒಲೆ ಬಸ್ಸಲ್ಲಿ ಬರೋರ್ದು, ಬುಡು."

ಕಾಯುತ್ತಿದ್ದವರು ಗೊಣಗುತ್ತ ಪಕ್ಕದ ಅಂಗಡಿಗೆ ಹೋದರು. ಗಂಡ ಮುಖ ಊದಿಸಿಕೊಂಡ. ಅಷ್ಟರಲ್ಲಿ ಬಸ್ಸು ಬಂತು; ಅಮ್ಮ ಮೆಟ್ಟಿಲ ಮೇಲೇ ಕುಸಿದಳು. ನಾನು ಕೂಗುವ ಮೊದಲೇ ಅಕ್ಕ ಬಿಸಿ ಲೋಟ ಹಿಡಿದು ಬಂದಿದ್ದಳು...

ಲ್ಯಾಪ್‌ಟಾಪ್‌ನಲ್ಲಿ ಮೊನ್ನೆ ನಾನು ಸರಿಪಡಿಸುತ್ತಿದ್ದದ್ದು ಹೊಲದಂಚಿನಿಂದ ಕ್ಯಾಮೆರಾ ಸಮೇತ ಬಿಚ್ಚಿ ತಂದಿದ್ದ ನಮ್ಮ ಸೈರನ್ನು. ಕ್ಯಾಮೆರಾಕ್ಕೆ ಆನೆ ಕಂಡೊಡನೆ ಅದು ಕೂಗಬೇಕು. ಹೋದ ವಾರ ತಡವಾಗಿ ಕೂಗಿತು. ಮುಸುಕಿನ ಜೋಳದ ನಡುವೆ ಇದ್ದ ಚಿಕ್ಕಪ್ಪ ಓಡುವಾಗ ಬಿದ್ದು ಕಾಲು ಮುರಿದುಕೊಂಡ. ಅದರ ಪುಟ್ಟ ಕಂಪ್ಯೂಟರಿನ ಪ್ರೊಸೆಸರಿಗೆ ಏಕಕಾಲಕ್ಕೆ ಬೇರೆ ಬೇರೆ ಕೆಲಸ ಮಾಡಬಲ್ಲ ನಾಲ್ಕು ಕೋರ್‌ಗಳು. ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಹುಡುಕುವುದು, ಹಳೆಯ ಫೈಲ್ ಗುಡಿಸುವುದು ಎಂದು ನಾಲ್ಕಕ್ಕೂ ಕೆಲಸ ಹಚ್ಚಿತ್ತು. ಆನೆ ಬಂದಾಗ ಯಾವುದಕ್ಕೂ ಪುರುಸೊತ್ತಿರಲಿಲ್ಲ.

ಒಂದು ಕೋರನ್ನು ಬೇರ್ಪಡಿಸಿದೆ. ಸಿಸ್ಟಂನ ಚಿಲ್ಲರೆ ಕೆಲಸವೊಂದೂ ಅತ್ತ ಸುಳಿಯದಂತೆ ಮಾಡಿ, ಆನೆ ಗುರುತಿಸುವ ಪ್ರೋಗ್ರಾಂ ಒಂದನ್ನೇ ಅಲ್ಲಿ ಕೂರಿಸಿದೆ. ಪರದೆಯಲ್ಲಿ ಮೂರು ಕೋರ್‌ಗಳ ಗೆರೆ ಕುಣಿಯುತ್ತಿತ್ತು, ಕ್ಯಾಮೆರಾದ ಮುಂದೆ ಏನೂ ಬಾರದ್ದರಿಂದ ಅದೊಂದರದು ಮಲಗಿತ್ತು. ಚಿಕ್ಕಪ್ಪ ಓಮದ ನೀರಿನ ಲೋಟ ಹಿಡಿದು ಮಲಗಿದಲ್ಲಿಂದಲೇ ಇಣುಕಿದ.

"ಅದ್ಯಾಕ್ಲಾ ಒಂದು ಸುಮ್ಕೆ ಕುಂತದೆ? ಅದುಕ್ಕೂ ವಸಿ ಕೆಲ್ಸ ಕೊಡು."

"ಸುಮ್ಕೆ ಕುಂತಿರೋದು ನಿನ್ಗೋಸ್ಕರವೇ ಕಣ ಚಿಕ್ಕಪ್ಪ."

ಕ್ಯಾಮೆರಾಕ್ಕೆ ಆನೆಯ ಹಳೆಯ ಚಿತ್ರ ತೋರಿಸಿದೆ. ಸೈರನ್ ಥಟ್ಟನೆ ಕೂಗಿತು. ಚಿಕ್ಕಪ್ಪ ಬೆಚ್ಚಿಬಿದ್ದು ಓಮದ ನೀರನ್ನೆಲ್ಲ ಮೈಮೇಲೆ ಚೆಲ್ಲಿಕೊಂಡ.

ಇದನ್ನು ಅಕ್ಕನಿಗೆ ಹೇಳಿ ನಗಿಸಬೇಕೆನಿಸಿತು. ಹೇಳಲು ಅವಳಿಲ್ಲ... ಹೋದ ವರ್ಷ ದಿಂಬಂನಲ್ಲಿ ತಲೆಸುತ್ತಿ ಬಸ್ಸಿಳಿದು, ಅವಳ ಅಂಗಡಿಯಲ್ಲಿ ಓಮದ ನೀರು ಕೇಳಿದ್ದೆ. ಮೂರೂ ಒಲೆಗಳಲ್ಲಿ ಹಾಲು ಉಕ್ಕುತ್ತಿತ್ತು.

"ವಸಿ ನಿಂತ್ಕಳಿ, ಟೀ ಆಗ್ಲಿ" ಎಂದ ಅವಳ ಗಂಡ.

ಅಕ್ಕ ಎಲ್ಲಿ ಎಂದು ನಾನು ಕೇಳಲಿಲ್ಲ. ಅವಳು ಬದುಕಿದ್ದರೆ ಮೂರನೇ ಒಲೆಗೆ ಹಾಲು ಏರುತ್ತಿರಲಿಲ್ಲ. ಅವತ್ತಿನ ಸಂಕಟ ಮೊನ್ನೆ ಮತ್ತೆ ಬಂತು. ಚಿಕ್ಕಪ್ಪ ಖಾಲಿ ಲೋಟ ಚಾಚಿ ಇನ್ನಷ್ಟು ಕೇಳುತ್ತಿದ್ದ. ನಾನು ಪರದೆಯಲ್ಲಿ ಮಲಗಿದ್ದ ಆ ಗೆರೆಯನ್ನೇ ನೋಡುತ್ತ ಕೂತಿದ್ದೆ.